ಪಕ್ಕದ ಮನೆಯವರು ಹೇಗಿದ್ದಾರೆ?

ಆ ಕಚೇರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಹಾಕುವಾಗ ಮಾತ್ರ ಬೇಕಾಗುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಯಾಕಮ್ಮ. ನರ್ಸಾಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಾಂಪೌಂಡರ್ ಇಟ್ಟ ಹೆಸರು ಅದು. ಲಸಿಕೆಯ ಪೆಟ್ಟಿಗೆಗೆ ಎರಡು ಬೀಗ ಯಾಕೆ? ರೋಗಿಗಳೆಲ್ಲ ಬೆಂಚಿನ ತುದಿಯಲ್ಲೇ ಯಾಕೆ ಕೂರುತ್ತಾರೆ? ಉಷ್ಣಮಾಪಕವನ್ನು ನೀರಿನ ತೊಟ್ಟಿಯ ಪಕ್ಕದ ನೆರಳಲ್ಲಿ ಯಾಕೆ ನೇತುಹಾಕಿದ್ದೀರಿ, ಊರಿನ ಜನ ತೊಟ್ಟಿಯ ಪಕ್ಕ ಇರುವುದಿಲ್ಲವಲ್ಲ? ಕೇಳುವಾಗ ನೆಲ ನೋಡಿಕೊಂಡು ಕೇಳುತ್ತಿದ್ದಳು, ದನಿಯೂ ಮೆಲ್ಲಗೆ. ಆದರೆ ಉತ್ತರ ಸಿಗುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಕಚೇರಿ ಎಂದರೆ ಬಡಾವಣೆಯ ಆರೋಗ್ಯ ಕೇಂದ್ರ. ಎರಡು ಕೋಣೆ, ಒಂದು ಉದ್ದನೆಯ ಪಡಸಾಲೆ, ಹಿಂದೆ ಆಂಬುಲೆನ್ಸ್ ನಿಲ್ಲಲು ಒಂದು ಚಪ್ಪರ. ಸೊಳ್ಳೆ, ಲಸಿಕೆ, ಕುಡಿಯುವ ನೀರು, ಇವಿಷ್ಟೇ ಅದರ ಮಾಮೂಲಿ ಚಿಂತೆಗಳಾಗಿದ್ದವು. ಹಿಂದಿನ ಬೇಸಿಗೆಯಲ್ಲಿ ಬಿಸಿಗಾಳಿ ಬೀಸಿ, ಒಂಟಿಯಾಗಿದ್ದ ಕೆಲವು ಮುದುಕರು ತಮ್ಮ ಕೋಣೆಗಳಲ್ಲೇ ತೀರಿಕೊಂಡಿದ್ದರು. ಯಾರಿಗೂ ತಿಳಿದಿರಲಿಲ್ಲ. ತಿಳಿದಾಗ ಹೊತ್ತು ಮೀರಿತ್ತು. ಅದಾದ ಮೇಲೆ ಡಾಕ್ಟರಮ್ಮ ಚಳಿಗಾಲದಲ್ಲೇ ಬಿಸಿಲಿನ ಮಾತು ತೆಗೆದರು. ಎದುರಿನ ಗ್ರಂಥಾಲಯದ ದಪ್ಪ ಗೋಡೆಯ ಹಜಾರವನ್ನು ತಂಪು ಕೋಣೆ ಮಾಡಲು ಒಪ್ಪಿಸಿದರು. ಐಸ್ ಚೀಲ, ಹತ್ತಿಯ ಬಿಳಿ ಹೊದಿಕೆ, ಉಪ್ಪು-ಸಕ್ಕರೆಯ ಪೊಟ್ಟಣಗಳನ್ನು ಕೂಡಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಒಂಟಿಯಾಗಿರುವ ಹಿರಿಯರಿಗೆ ಬಿಸಿಲು ಏರಿದ ದಿನ ಕಚೇರಿಯಿಂದಲೇ ಫೋನ್ ಮಾಡಿ ವಿಚಾರಿಸುವುದು ಎಂದು ಗೊತ್ತುಮಾಡಿದರು.

ಯಾಕಮ್ಮನ ಜೀವವೆಲ್ಲ ಈ ಫೋನಿನ ಏರ್ಪಾಡಿನ ಮೇಲೇ ಇತ್ತು. ಅದಕ್ಕೆ ಕಾರಣ ಅವಳ ಸೋದರತ್ತೆ.

ಅತ್ತೆ ದರ್ಜಿ. ಹಳೆಯ ಕಟ್ಟಡವೊಂದರ ತುತ್ತತುದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಹೊಲಿಗೆ ಯಂತ್ರದ ಜೊತೆ ಸಂಸಾರ ಮಾಡುತ್ತಿದ್ದಳು. ತಾಯಿಯಿಲ್ಲದ ಯಾಕಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಯಂತ್ರ ತುಳಿದು ಸಾಕಿದವಳು. ಬೇಸಿಗೆಯಲ್ಲಿ ಆ ಕೋಣೆ ಕಾದ ಬಾಣಲೆ. ಫ್ಯಾನು ಹಾಕಿದರೆ ಕತ್ತರಿಸಿದ ಬಟ್ಟೆ ಹಾರುತ್ತದೆಂದು ಅತ್ತೆ ಫ್ಯಾನು ಹಾಕುತ್ತಿರಲಿಲ್ಲ. ನಮ್ಮ ಮನೆಗೆ ಬಂದುಬಿಡಿ ಎಂದು ಯಾಕಮ್ಮ ಕರೆದು ಕರೆದು ಸೋತಿದ್ದಳು.

"ನನ್ನ ಗಿರಾಕಿಗಳಿಗೆ ಈ ಮೆಟ್ಟಿಲು ಗೊತ್ತು ಕಣೇ, ನಿನ್ನ ಮನೆ ಮೆಟ್ಟಿಲು ಗೊತ್ತಿಲ್ಲ," ಎನ್ನುವುದು ಅತ್ತೆಯ ಕೊನೆಯ ಮಾತು.

ಬಿಸಿಲು ಬರುವ ಮೊದಲು ಎಲ್ಲವನ್ನೂ ಒಮ್ಮೆ ಆಡಿ ನೋಡಬೇಕು ಎಂದರು ಡಾಕ್ಟರಮ್ಮ. ಒಂದು ದಿನ ಗೊತ್ತುಮಾಡಿ, ಅಂದು ಘೋರ ಬಿಸಿಲು ಎಂದುಕೊಳ್ಳುವುದು. ಕೆಲವು ಹಿರಿಯರಿಗೆ ಗುಟ್ಟಾಗಿ ಪಾತ್ರ ಕೊಡುವುದು. ಕಾಂಪೌಂಡರ್ ಫೋನ್ ಮಾಡಿದಾಗ ಅವರು ತಲೆಸುತ್ತು, ವಾಂತಿ, ಮಂಕು ಎಂದು ಹೇಳಬೇಕು. ಅವನು ಗುರುತು ಹಿಡಿಯಬೇಕು. ಆಂಬುಲೆನ್ಸ್ ಓಡಬೇಕು.

ಅತ್ತೆಗೂ ಒಂದು ಪಾತ್ರ ಸಿಕ್ಕಿತು. ಅವಳ ಸಂಭ್ರಮ ಏನು ಕೇಳುತ್ತೀರಿ! ಹೊಲಿಯುವುದನ್ನು ಬಿಟ್ಟು ಅಭ್ಯಾಸಕ್ಕೆ ಕೂತಳು. ಅಯ್ಯೋ ಎಂದು ಹಣೆಗೆ ಕೈಯಿಟ್ಟು ಬಟ್ಟೆಯ ರಾಶಿಯ ಮೇಲೆ ಒರಗಿ ತೋರಿಸಿದಳು. "ಎಡಕ್ಕೆ ಬೀಳ್ಲಾ, ಬಲಕ್ಕೆ ಬೀಳ್ಲಾ? ಬಲಕ್ಕೆ ಕತ್ತರಿ ಇದೆ," ಎಂದು ಕೇಳಿದಳು.

"ಬೀಳೋದು ಬೇಡ ಅತ್ತೆ, ಫೋನಲ್ಲಿ ಕಾಣಲ್ಲ. ತಲೆ ಸುತ್ತುತ್ತೆ ಅಂತ ಹೇಳಿದ್ರೆ ಸಾಕು," ಎಂದಳು ಯಾಕಮ್ಮ.

ಆ ದಿನ ಬಂತು. ನೋಡಿಕೊಳ್ಳಲು ಯಾಕಮ್ಮ ಅತ್ತೆಯ ಪಕ್ಕದಲ್ಲೇ ಕುಳಿತಿದ್ದಳು. ಹೊರಗೆ ಹಿತವಾದ ಎಳೆಬಿಸಿಲು. ಫೋನ್ ಬಡಿದುಕೊಂಡಿತು. ಅತ್ತೆ ಗಂಟಲು ಸರಿಮಾಡಿಕೊಂಡು ಎತ್ತಿದಳು.

ಕಾಂಪೌಂಡರನ ದನಿ ಬೆಲ್ಲದ ಪಾಕದಂಥದ್ದು. ಸೂಜಿ ಚುಚ್ಚಿಸಿಕೊಂಡ ಮಕ್ಕಳೂ ಅವನಿಗೆ ಕೈಬೀಸಿ ಹೋಗುತ್ತಿದ್ದವು. "ನಮಸ್ಕಾರ ಅಮ್ಮಾ, ಆರೋಗ್ಯ ಕೇಂದ್ರದಿಂದ. ಇವತ್ತು ತುಂಬಾ ಸೆಕೆ ಅಲ್ವಾ? ಹೇಗಿದ್ದೀರಿ?"

"ಚೆನ್ನಾಗಿದೀನಪ್ಪಾ," ಎಂದಳು ಅತ್ತೆ. "ನೀನು ಹೇಗಿದೀಯ? ಊಟ ಆಯ್ತಾ?"

"ಆಯ್ತಮ್ಮಾ. ತಲೆಗಿಲೆ ಸುತ್ತುತ್ತಾ?"

"ಛೇ ಛೇ, ಏನೂ ಇಲ್ಲ. ಹುಷಾರಾಗಿರು ಮಗ, ಬಿಸಿಲಲ್ಲಿ ಓಡಾಡ್ಬೇಡ."

ಫೋನ್ ಇಟ್ಟಾಯಿತು. ಯಾಕಮ್ಮ ಕಣ್ಣು ಕಣ್ಣು ಬಿಟ್ಟಳು. "ಅತ್ತೆ! ತಲೆ ಸುತ್ತುತ್ತೆ ಅನ್ಬೇಕಿತ್ತು!"

ಅತ್ತೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಹೌದಲ್ಲೇ! ಅಷ್ಟು ಚೆನ್ನಾಗಿ ವಿಚಾರಿಸಿದ ಹುಡುಗನಿಗೆ ಬಾಯಿ ತೆಗೆದ ಕೂಡ್ಲೆ ನನ್ನ ಗೋಳು ಹೇಳೋಕಾಗುತ್ತಾ? ಹೇಗೆ ಹೇಳೋದು ಹೇಳು."

"ಯಾಕೆ ಹೇಳೋಕಾಗಲ್ಲ?"

"ಯಾಕೆ ಅಂದ್ರೆ? ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅನ್ನೋದು. ಅದಕ್ಕೆ ಯಾಕೆ ಬೇರೆ ಬೇಕಾ?"

ಸಂಜೆ ಕಚೇರಿಯಲ್ಲಿ ಎಲ್ಲರೂ ಸೇರಿದರು. ಕಾಂಪೌಂಡರ್ ಖುಷಿಯಲ್ಲಿದ್ದ. "ಎಲ್ಲಾರೂ ಚೆನ್ನಾಗಿದಾರೆ ಮೇಡಂ, ಒಬ್ಬರಿಗೂ ಏನೂ ಆಗಿಲ್ಲ!"

ಡಾಕ್ಟರಮ್ಮ ಪಾತ್ರಧಾರಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಪಾತ್ರ ಸಿಕ್ಕಿದ್ದ ಎಲ್ಲರೂ ಅತ್ತೆಯ ಹಾಗೆಯೇ ಮಾಡಿದ್ದರು. ಒಬ್ಬ ಅಜ್ಜ ಮಾತ್ರ ಧೈರ್ಯ ಮಾಡಿ ವಾಂತಿಯಾಗಿದೆ ಎಂದಿದ್ದನಂತೆ. ಆದರೆ ಹಿಂದೆಯೇ, ಅದೇನು ದೊಡ್ಡದಲ್ಲ, ನೀವು ತೊಂದರೆ ತಗೋಬೇಡಿ ಎಂದು ಕಾಂಪೌಂಡರನನ್ನೇ ಸಮಾಧಾನ ಮಾಡಿದ್ದ. ಆಂಬುಲೆನ್ಸಿನ ಡ್ರೈವರ್ ಬೆಳಗಿನಿಂದ ಕೀಲಿ ಕೈಯಲ್ಲೇ ಹಿಡಿದು ಕೂತು ತೂಕಡಿಸಿದ್ದ.

ಡಾಕ್ಟರಮ್ಮ ಮೊದಲು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಆಮೇಲೆ ನಗು ತಾನಾಗಿ ಇಳಿಯಿತು. "ನಾಟಕದಲ್ಲೂ ಹುಷಾರಿಲ್ಲ ಅನ್ನೋಕೆ ನಾಚಿಕೆ ಈ ಜನಕ್ಕೆ. ನಿಜವಾದ ಬಿಸಿಲಲ್ಲಿ ಹೇಳ್ತಾರಾ?"

ಯಾಕಮ್ಮನ ಕಣ್ಣ ಮುಂದೆ ಆ ತಗಡಿನ ಮಾಡು ಬಂದು ನಿಂತಿತು.

ಅಂದಿನಿಂದ ಅದೇ ಹುಡುಕಾಟವಾಯಿತು. ಮರ್ಯಾದೆಗೆ ಸಿಕ್ಕಿಬೀಳದ ಪ್ರಶ್ನೆ ಯಾವುದು? ಬಿಡುವು ಸಿಕ್ಕಾಗಲೆಲ್ಲ ಒಂದೊಂದನ್ನು ಪರೀಕ್ಷೆಗೆ ಹಚ್ಚಿದರು. ನೀರು ಕುಡಿದಿರಾ ಎಂದರೆ ಕುಡಿದೆವು. ಎಷ್ಟು ಎಂದರೆ ಬೇಕಾದಷ್ಟು. ನಿದ್ದೆ ಬಂತಾ ಎಂದರೆ ಬಂತು. ಡಾಕ್ಟರಮ್ಮ ತಮ್ಮ ಓದಿನಿಂದ ಒಂದು ಪ್ರಶ್ನೆ ತೆಗೆದರು: ಮೂತ್ರದ ಬಣ್ಣ ಕೇಳೋಣ, ನೀರು ಸಾಲದಿದ್ದರೆ ಅದು ಸುಳ್ಳು ಹೇಳುವುದಿಲ್ಲ. ಮೂತ್ರ ಹೇಳುವುದಿಲ್ಲ, ನಿಜ. ಆದರೆ ಅದರ ಯಜಮಾನರು? ಒಬ್ಬರು ಫೋನ್ ಕುಕ್ಕಿದರು. ಇನ್ನೊಬ್ಬರು, ನನ್ನ ಮಗನ ವಯಸ್ಸಿನವನು ಕೇಳುವ ಮಾತಾ ಇದು ಎಂದು ಕಾಂಪೌಂಡರನ ಬೆವರಿಳಿಸಿದರು. ಅತ್ತೆಯಂತೂ, "ನಿಮ್ಮ ಡಾಕ್ಟರಿಗೆ ಹೇಳು, ನಾನು ಬಟ್ಟೆ ಬಣ್ಣ ಮಾತ್ರ ಹೇಳೋದು," ಎಂದಳು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಕಾಂಪೌಂಡರ್ ಅತ್ತೆಗೇ ಫೋನ್ ಮಾಡಿ, ಇದ್ದ ಪ್ರಶ್ನೆಗಳೆಲ್ಲ ಮುಗಿದು, ಇಡುವುದು ಹೇಗೆಂದು ತಿಳಿಯದೆ, "ಮತ್ತೆ... ಅಕ್ಕಪಕ್ಕದವರೆಲ್ಲ ಹೇಗಿದ್ದಾರಮ್ಮಾ?" ಎಂದ.

ಯಾಕಮ್ಮ ಎದುರಿನ ಮೇಜಿನಲ್ಲಿ ಬ್ಯಾಂಡೇಜು ಸುತ್ತುತ್ತಿದ್ದಳು. ಕಾಂಪೌಂಡರ್ ಸುಮ್ಮನಾದದ್ದು ಅವಳ ಗಮನಕ್ಕೆ ಬಂತು. ಅವನು ಬಾಯಿ ತೆರೆಯುವುದು, ಮುಚ್ಚುವುದು. ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. ಆ ಕಡೆಯಿಂದ ಅತ್ತೆಯ ದನಿ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿತ್ತು. ಕೆಳಗಿನ ಮನೆಯ ಬ್ಯಾಂಡ್ ಮಾಸ್ತರ, ಒಂದು ಕಾಲದಲ್ಲಿ ಮೆರವಣಿಗೆಗಳಲ್ಲಿ ತುತ್ತೂರಿ ಊದುತ್ತಿದ್ದವನು, ಈಗ ಕಾಲು ಊದಿಸಿಕೊಂಡು ಕೂತಿದ್ದಾನೆ. ಗುಳಿಗೆ ತಿನ್ನುವುದಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ. ಅನ್ನ ಮಾಡಿಕೊಳ್ಳದೆ ಬರೀ ಬಿಸ್ಕತ್ತಿನಲ್ಲೇ ಕಾಲ ಹಾಕುತ್ತಾನೆ, ಪೊಟ್ಟಣಗಳು ಕಸದ ಬುಟ್ಟಿಯಲ್ಲಿ ಕಾಣುತ್ತವೆ. ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾನೆ, ಮಹಾ ಸುಳ್ಳ.

ಫೋನಿಟ್ಟ ಕಾಂಪೌಂಡರ್ ಮುಖ ಒರೆಸಿಕೊಂಡ. "ತಮ್ಮ ಬಗ್ಗೆ ಒಂದಕ್ಷರ ಇಲ್ಲ. ಕೆಳಗಿನ ಮನೆಯವನ ಪೂರ್ತಿ ಆರೋಗ್ಯ ತಪಾಸಣೆ ಮಾಡಿ ಕೊಟ್ಟರು ನಿಮ್ಮತ್ತೆ."

ಯಾಕಮ್ಮ ಬ್ಯಾಂಡೇಜನ್ನು ಕೆಳಗಿಟ್ಟಳು. "ಇನ್ನೊಬ್ಬರಿಗೆ ಮಾಡಿ. ಇದನ್ನೇ ಕೇಳಿ."

ಇನ್ನೊಬ್ಬರಿಗೂ ಮಾಡಿದರು. ಮತ್ತೊಬ್ಬರಿಗೂ. ಎಲ್ಲ ಕಡೆ ಅದೇ ಕಥೆ. ತಮ್ಮ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡವರು ನೆರೆಯವರ ವಿಷಯಕ್ಕೆ ಬಾಗಿಲು, ಕಿಟಕಿ ಎಲ್ಲ ತೆರೆದು ಕೂರುತ್ತಿದ್ದರು.

ಡಾಕ್ಟರಮ್ಮನಿಗೆ ಮಾತ್ರ ಮುಜುಗರ. "ಚಾಡಿ ಹೇಳಿಸೋದನ್ನ ಆರೋಗ್ಯ ಇಲಾಖೆ ಕೆಲಸ ಅಂತ ಹೇಗಮ್ಮ ಕರೆಯೋದು? ನಾಳೆ ಯಾರೋ ಬಂದು, ನನ್ನ ಕಸದ ಬುಟ್ಟಿ ನೋಡೋಕೆ ನಿಮಗ್ಯಾರು ಹೇಳಿದ್ದು ಅಂದ್ರೆ?" ಯೋಚಿಸಿ ಕೊನೆಗೆ ಒಂದು ಕಟ್ಟುಪಾಡು ಮಾಡಿದರು. ಪ್ರತಿಯೊಬ್ಬರೂ ತಮ್ಮ ಬಗ್ಗೆ ಯಾರನ್ನು ಕೇಳಬಹುದೆಂದು ತಾವೇ ಹೇಳಬೇಕು. ಅವರನ್ನು ಬಿಟ್ಟು ಬೇರೆಯವರನ್ನು ಕೇಳುವಂತಿಲ್ಲ.

ಅತ್ತೆ ಎದುರು ಸಾಲಿನಲ್ಲಿ ಅಂಗಿಗುಂಡಿ, ದಾರ ಮಾರುವ ಗುಂಡಿ ಅಂಗಡಿಯವಳ ಹೆಸರು ಕೊಟ್ಟಳು. "ಆ ತುತ್ತೂರಿಯವನ ಹತ್ರ ಮಾತ್ರ ನನ್ನ ಸುದ್ದಿ ಎತ್ತಕೂಡದು. ಆಣೆ ಮಾಡು."

"ಯಾಕೆ? ಅವರು ಕೆಳಗೇ ಇರ್ತಾರಲ್ಲ."

"ನನ್ನ ಯಂತ್ರದ ಸದ್ದಿಗೆ ಅವನ ಕಿವಿ ಹೋಯ್ತಂತೆ. ಜೀವಮಾನ ಎಲ್ಲ ತುತ್ತೂರಿ ಊದಿದವನಿಗೆ! ವರ್ಷಗಟ್ಟಲೆ ಆಯ್ತು ನಾನು ಅವನ ಮುಖ ನೋಡಿ ಒಂದು ಒಳ್ಳೆ ಮಾತಾಡಿ. ಹೂಂ, ಆಣೆ ಮಾಡು."

ಯಾಕಮ್ಮ ಆಣೆ ಮಾಡಿದಳು.

ಬೇಸಿಗೆ ಈ ಸಲ ಕದ ತಟ್ಟಲಿಲ್ಲ, ಒದ್ದುಕೊಂಡೇ ಬಂತು. ಬೆಳಗಿನ ಹೊತ್ತಿಗೇ ಬಾಗಿಲ ಚಿಲಕ ಚುರ್ರೆನ್ನುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ನಾಯಿಗಳು ಚರಂಡಿಯ ಹಸಿಯಲ್ಲಿ ಮಲಗಿದವು. ರಾತ್ರಿಯಾದರೂ ಗೋಡೆಗಳು ಹಗಲಿನ ಕಾವನ್ನು ಬಿಟ್ಟುಕೊಡಲಿಲ್ಲ. ತಂಪು ಕೋಣೆ ಬಾಗಿಲು ತೆರೆಯಿತು. ಕೆಲವರು ಬಂದರು, ಅತ್ತೆ ಬರಲಿಲ್ಲ. ಮದುವೆಯ ಬಟ್ಟೆಗಳು ಬಾಕಿ ಇವೆ ಎಂದಳು. ಯಾಕಮ್ಮ ದಿನವೂ ಸಂಜೆ ಹೋಗಿ ನೀರು ಕುಡಿಸಿ, ಒದ್ದೆ ಬಟ್ಟೆ ಹೊದಿಸಿ, ಬೈದು, ಬೈಸಿಕೊಂಡು ಬರುತ್ತಿದ್ದಳು.

ಬಿಸಿಲೇರಿದ ಮೂರನೆಯ ದಿನ ಬೆಳಿಗ್ಗೆ ಕಾಂಪೌಂಡರ್ ತಂಪು ಕೋಣೆಯಲ್ಲಿದ್ದ. ಆಂಬುಲೆನ್ಸ್ ಯಾರನ್ನೋ ಆಸ್ಪತ್ರೆಗೆ ಒಯ್ದಿತ್ತು. ಫೋನಿನ ಮುಂದೆ ಯಾಕಮ್ಮ ಒಬ್ಬಳೇ. ಅತ್ತೆಗೆ ಮಾಡಿದಳು.

"ಚೆನ್ನಾಗಿದೀನಿ," ಎಂದಳು ಅತ್ತೆ. "ಊಟ ಆಯ್ತಾ?"

"ನೀರು ಕುಡೀತಿದೀರಾ ಅತ್ತೆ?"

"ಹೂಂ, ಹೂಂ."

ಅಷ್ಟೇ. ಒಂದು ಕೊಂಕು ಮಾತಿಲ್ಲ, ಒಂದು ಬೈಗುಳವಿಲ್ಲ. ಯಾಕಮ್ಮನಿಗೆ ಏನೋ ಚುಚ್ಚಿತು. ಗುಂಡಿ ಅಂಗಡಿಯವಳಿಗೆ ಮಾಡಿದಳು. ಫೋನ್ ಆರಿಸಿಟ್ಟಿತ್ತು. ಇನ್ನೊಮ್ಮೆ ಮಾಡಿದಳು. ಸೆಕೆ ತಾಳದೆ ಅಂಗಡಿಗೆ ಬೀಗ ಹಾಕಿ ಎಲ್ಲೋ ಹೋಗಿರಬೇಕು.

ಅವಳ ಬೆರಳು ಮುಂದಿನ ನಂಬರಿಗೆ ಹೋಯಿತು. ಅದು ಬ್ಯಾಂಡ್ ಮಾಸ್ತರನದು. ಅವನೂ ಒಂಟಿ ಮುದುಕನೇ, ಹೇಗೂ ಅವನನ್ನು ವಿಚಾರಿಸಲೇಬೇಕಿತ್ತು.

"ನಾನಾ? ಕಲ್ಲುಗುಂಡು!" ಎಂದ ಬ್ಯಾಂಡ್ ಮಾಸ್ತರ. ಆಮೇಲೆ ಮನೆಯ ಮಾಲೀಕನನ್ನು ಬೈಯಲು ಹಿಡಿದ. ತೊಟ್ಟಿಯ ಮುಚ್ಚಳ ಒಡೆದು ಯಾವ ಕಾಲವಾಯಿತು, ಪಾರಿವಾಳಗಳ ಕಾಟ ಕೇಳುವವರಿಲ್ಲ, ಬೀದಿ ಕೊನೆಯವರು ಕಾರು ತೊಳೆಯುತ್ತಾರೆ ಇಲ್ಲಿ ಕುಡಿಯಲು ನೀರಿಲ್ಲ. ಯಾಕಮ್ಮ ಹೂಂಗುಟ್ಟುತ್ತ ಕೂತಳು. ಅತ್ತೆಗೆ ಮಾಡಿದ ಆಣೆ ಅಡ್ಡ ನಿಂತಿತ್ತು. ಕೇಳಿದರೆ ಅತ್ತೆ ಜನ್ಮದಲ್ಲಿ ಮಾತಾಡಿಸಲಿಕ್ಕಿಲ್ಲ. ಕೇಳದಿದ್ದರೆ? ಅವನು ಪಾರಿವಾಳಗಳಿಗೆ ಎರಡನೇ ಸಲ ಹೋದಾಗ ಅವಳು ಕಣ್ಣು ಮುಚ್ಚಿಕೊಂಡು ಕೇಳಿಬಿಟ್ಟಳು. "ಮೇಲಿನ ಮನೆಯವರು ಹೇಗಿದ್ದಾರೆ?"

"ಅದೇ ಆಶ್ಚರ್ಯ ನೋಡಮ್ಮ," ಎಂದ ಮಾಸ್ತರ, ದನಿ ತಗ್ಗಿಸಿ. "ಈಗ ತಾನೇ ಮೆಟ್ಟಿಲ ಮೇಲೆ ಸಿಕ್ಕಿದ್ದಳು. ಬೈಯ್ತಾಳೆ ಅಂತ ನಾನು ಗೋಡೆಗೆ ಅಂಟಿಕೊಂಡೆ. 'ಬಾ ಅಣ್ಣಾ, ಚಳಿ ಶುರುವಾಯ್ತು, ಕೋಟು ಹೊಲಿಸ್ಕೋ, ಅಳತೆ ತಗೋತೀನಿ' ಅಂದಳು! ಅಣ್ಣಾ ಅಂತೆ! ಉಣ್ಣೆ ಶಾಲು ಬೇರೆ ಹೊದ್ದಿದ್ದಳು. ಸದ್ಯ, ದೇವರು ಒಳ್ಳೆ ಬುದ್ಧಿ ಕೊಟ್ಟ ಅಂದ್ಕೊಂಡೆ."

ಯಾಕಮ್ಮ ಕುರ್ಚಿಯಿಂದ ಎದ್ದು ನಿಂತಳು. ಇದು ಒಳ್ಳೆಯ ಬುದ್ಧಿಯಲ್ಲ, ಬುದ್ಧಿ ಕಾವಿಗೆ ಕದಡುತ್ತಿರುವುದು. ಬಿಸಿಲ ಬೇನೆ ತಲೆಗೇರಿದರೆ ಮನುಷ್ಯ ಹೀಗೇ ಆಡುತ್ತಾನೆಂದು ಅವಳು ಕಲಿತಿದ್ದಳು. ಅದು ಅತ್ತೆಯ ಒಳ್ಳೆಯ ಮಾತಿನ ರೂಪದಲ್ಲಿ ಬರುತ್ತದೆಂದು ಯಾರೂ ಕಲಿಸಿರಲಿಲ್ಲ.

"ಮಾಸ್ತರೇ, ಈಗಲೇ ಮೇಲೆ ಹೋಗಿ. ಶಾಲು ಕಿತ್ತು ಹಾಕಿ. ಮೈಮೇಲೆ ನೀರು ಹುಯ್ಯಿರಿ, ಗಾಳಿ ಹಾಕಿ. ಮಂಕಾಗಿದ್ರೆ ಕುಡಿಸೋಕೆ ಹೋಗ್ಬೇಡಿ."

"ಆಕೆ ಮೈಮೇಲೆ ನಾನಾ? ನೀರಾ? ನನ್ನನ್ನ ಕತ್ತರೀಲಿ—"

"ಹೋಗಿ!"

ಯಾಕಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ಆ ಕಚೇರಿ ಕೇಳಿರಲಿಲ್ಲ. ಡಾಕ್ಟರಮ್ಮ ಒಳಗಿನಿಂದ ಓಡಿಬಂದರು. ಆಂಬುಲೆನ್ಸಿಗೆ ಹೇಳಿ, ಐಸ್ ಚೀಲ ಹೊದಿಕೆಗಳನ್ನು ಹೊತ್ತುಕೊಂಡು ಇಬ್ಬರೂ ಬಿಸಿಲಿಗೆ ಬಿದ್ದರು. ಬೀದಿ ಕಣ್ಣಿಗೆ ರಾಚುತ್ತಿತ್ತು. ಮೆಟ್ಟಿಲ ಕಬ್ಬಿಣದ ಕಂಬಿ ಮುಟ್ಟಲಾಗಲಿಲ್ಲ.

ಮೇಲೆ ಅತ್ತೆ ನೆಲದ ಮೇಲೆ ಬಿದ್ದಿದ್ದಳು. ಮೈ ಕೆಂಡ. ಕಣ್ಣುಗಳು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಸುತ್ತ ನೀರೋ ನೀರು. ಮದುವೆಯ ಬಟ್ಟೆಗಳೆಲ್ಲ ಅದರಲ್ಲಿ ತೇಲುತ್ತಿದ್ದವು. ಊದಿದ ಕಾಲನ್ನು ಮಡಚಲಾಗದೆ ಬ್ಯಾಂಡ್ ಮಾಸ್ತರ ಪಕ್ಕದಲ್ಲಿ ಚಾಚಿಕೊಂಡು ಕೂತು, ಬಟ್ಟೆ ಕತ್ತರಿಸಲು ಅತ್ತೆ ಇಟ್ಟಿದ್ದ ಅಳತೆಯ ರಟ್ಟಿನಿಂದ ಗಾಳಿ ಹಾಕುತ್ತಿದ್ದ. ಉಬ್ಬಸಕ್ಕೆ ಅವನ ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಿತ್ತು.

"ಬೈತಾನೇ ಇಲ್ಲಮ್ಮ ಇವಳು," ಎಂದ. ಅಳುವ ದನಿ.

ಕತ್ತಿಗೆ, ಕಂಕುಳಿಗೆ ಐಸ್ ಇಟ್ಟರು. ಒದ್ದೆ ಹೊದಿಕೆ ಹೊದಿಸಿದರು. ಇದ್ದ ಫ್ಯಾನನ್ನೂ ಹಾಕಿದರು. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮೈಯ ಕಾವು ಒಂದು ಮಟ್ಟಕ್ಕೆ ಇಳಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ, ಎಂದು ಡಾಕ್ಟರಮ್ಮ ಆರಂಭಿಸಿದ ಮಾತನ್ನು ಪೂರ್ತಿ ಮಾಡಲಿಲ್ಲ.

ಅತ್ತೆಗೆ ಸರಿಯಾಗಿ ಗುರುತು ಸಿಕ್ಕಿದ್ದು ಮರುದಿನ. ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಕೊಳವೆ ಚುಚ್ಚಿಸಿಕೊಂಡು, ಅವಳು ಬಹಳ ಹೊತ್ತು ಮಾಡು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಯಾರು ಹೇಳಿದ್ದು ನಿಮಗೆ?"

ಗುಂಡಿ ಅಂಗಡಿಯವಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಯಾಕಮ್ಮ ನೆಲ ನೋಡಿದಳು. "ಕೆಳಗಿನ ಮನೆಯವರು. ನಾನೇ ಕೇಳಿದೆ ಅತ್ತೆ. ಆಣೆ ಮುರಿದೆ."

ಅತ್ತೆ ಮುಖ ಗಂಟು ಹಾಕಿಕೊಂಡು ಗೋಡೆಯ ಕಡೆ ಹೊರಳಿದಳು. ಪಕ್ಕದ ಮಂಚದಲ್ಲಿ ಯಾರೋ ಕೆಮ್ಮಿದರು. ದಾದಿಯೊಬ್ಬಳು ಬಂದು ಕೊಳವೆಯ ವೇಗ ನೋಡಿ ಹೋದಳು. ಅತ್ತೆಯ ಬೆನ್ನು ಅಲ್ಲಾಡಲಿಲ್ಲ. ಇನ್ನು ಜನ್ಮಕ್ಕೂ ಇಷ್ಟೇ ಎಂದುಕೊಂಡು ಯಾಕಮ್ಮ ಏಳಬೇಕು ಎನ್ನುವಷ್ಟರಲ್ಲಿ ಗೋಡೆಯ ಕಡೆಯಿಂದಲೇ ಸಣ್ಣ ದನಿ ಬಂತು.

"ಏನಂದ?"

"ನೀವು ಅವರನ್ನ ಅಣ್ಣಾ ಅಂದ್ರಂತೆ."

"ಸುಳ್ಳು!"

"ಕೋಟು ಹೊಲಿದು ಕೊಡ್ತೀನಿ ಅಂದ್ರಂತೆ."

ಅತ್ತೆ ಕೊಳವೆಯನ್ನೂ ಲೆಕ್ಕಿಸದೆ ಈಚೆಗೆ ಹೊರಳಿದಳು. "ಕೋಟಾ? ಅವನಿಗಾ? ಆ ಹೊಟ್ಟೆಗೆ ಎಷ್ಟು ಬಟ್ಟೆ ಬೇಕು ಗೊತ್ತಾ?" ಅವಳ ಕಣ್ಣಲ್ಲಿ ಈಗ ಸಿಟ್ಟಿಗಿಂತ ಹೆಚ್ಚಾಗಿ ಬೇರೇನೋ ಮಿನುಗುತ್ತಿತ್ತು. ತನಗೇ ನೆನಪಿಲ್ಲದ ತನ್ನ ಒಂದು ಬೆಳಗು ಇನ್ನೊಬ್ಬನ ಹತ್ತಿರ ಇದೆ ಎಂದರೆ ಯಾರಿಗೆ ತಾನೇ ಸುಮ್ಮನಿರಲಾಗುತ್ತದೆ? "ಮತ್ತೆ? ಮೇಲೆ ಹತ್ತಿದ್ನಾ ಆ ಕಾಲಲ್ಲಿ?"

"ಹತ್ತಿದ್ರು. ನೀರು ಹುಯ್ದಿದ್ದೂ ಅವರೇ."

ಅತ್ತೆ ಆ ಮಾತನ್ನು ನಿಧಾನವಾಗಿ ಮೆಲುಕು ಹಾಕಿದಳು. "ಇನ್ಮೇಲೆ ದಿನಾ ಅವನನ್ನೇ ಕೇಳ್ತೀರೋ?"

"ನೀವು ಬೇಡ ಅಂದ್ರೆ ಕೇಳಲ್ಲ. ಈ ಸಲ ನಿಜವಾಗ್ಲೂ ಕೇಳಲ್ಲ."

"ಕೇಳು," ಎಂದಳು ಅತ್ತೆ, ದಿಂಬನ್ನು ಸರಿಮಾಡಿಕೊಳ್ಳುತ್ತ. "ಆದ್ರೆ ಅವನು ಏನೇನಂದ ಅಂತ ನನಗೂ ಹೇಳ್ಬೇಕು. ಒಂದಕ್ಷರ ಬಿಡದ ಹಾಗೆ."